ಕಾವಲುಗಾರನಿಗೆ ದಿನಾ ಸುಳ್ಳು ಹೇಳುವ ಮನಗೂಳಿಯ ಪಲ್ಲವಿ

ಮಾತು ಬೆಳ್ಳಿ, ಮೌನ ಹೆಣಭಾರ. ಗಾದೆಯ ಬಾಲ ತಿರುಚಿದ್ದಕ್ಕೆ ಕನ್ನಡ ಮಾಸ್ತರರು ಕಿವಿ ಹಿಂಡುವುದಿದ್ದರೆ ಹಿಂಡಲಿ. ಮನಗೂಳಿಯ ಈ ಎರಡು ಕೋಣೆಯ ಮನೆಗೆ ಒಮ್ಮೆ ಹೊಕ್ಕು ಬಂದವರ ಬಾಯಿಗೆ ಬಂಗಾರದ ಗಾದೆ ಮತ್ತೆ ಬರುವುದಿಲ್ಲ. ಇಲ್ಲಿ ಅಪ್ಪ ಚಟಕ್ಕೆ ಸುಳ್ಳು ಹೇಳುತ್ತಾನೆ, ಮಗಳು ಹೊಟ್ಟೆಪಾಡಿಗೆ ಸುಳ್ಳು ಹೇಳುತ್ತಾಳೆ, ಅವ್ವ ಇಬ್ಬರನ್ನೂ ಬೈಯುತ್ತ ರೊಟ್ಟಿ ಬಡಿಯುತ್ತಾಳೆ. ಇಷ್ಟು ಸುಳ್ಳುಗಳ ನಡುವೆ ಬೆಳೆದರೂ ಕತೆ ಮಾತ್ರ ಅಪ್ಪಟ ಖರೇ.

ಬೆಳಗಿನ ಜಾವ. ಹೊರಗೆ ಮೊದಲ ಬಸ್ಸು ಬಾಗೇವಾಡಿ ಕಡೆ ಕೆಮ್ಮುತ್ತ ಹೋಗುತ್ತಿದೆ. ಒಳಗೆ, ಜೋಳದ ಚೀಲಗಳಿಗೂ ಗೋಡೆಗೂ ನಡುವೆ ಉಳಿದ ಜಾಗದಲ್ಲಿ ಒಂದು ಮೇಜು, ಮೇಜಿನ ಮೇಲೆ ಯಾರೋ ಬಳಸಿ ಬಿಟ್ಟ ಕಂಪ್ಯೂಟರು, ಅದರ ಮುಂದೆ ಶಾಲು ಹೊದ್ದು ಕೂತ ಪಲ್ಲವಿ. ಬಿಳಿ ಅಕ್ಷರದ ಸಾಲುಗಳು ಇರುವೆಗಳಂತೆ ಮೇಲೇರುತ್ತಿವೆ. ಅಷ್ಟರಲ್ಲಿ ಬೆನ್ನ ಹಿಂದೆ ‘ಟೀಂಯ್... ಟೀಂಯ್... ಟೀಂಯ್...’ ಕರೆಂಟು ಹೋಗಿ, ಬ್ಯಾಟರಿಯೂ ಬರಿದಾಗುತ್ತಿದೆ ಎಂದು ಇನ್ವರ್ಟರ್ ಹಾಕುವ ಕೂಗು. ಬೇರೆ ಯಾರಾದರೂ ಆಗಿದ್ದರೆ ಮಾಡಿದ ಕೆಲಸ ಉಳಿಸಿಕೊಳ್ಳಲು ಎದ್ದುಬಿದ್ದು ಒದ್ದಾಡುತ್ತಿದ್ದರು. ಪಲ್ಲವಿ ತಿರುಗಿಯೂ ನೋಡುವುದಿಲ್ಲ. ಎಡಗೈ ಚಾಚಿ, ಕೈಯ ಹಿಂಬದಿಯನ್ನು ಇನ್ವರ್ಟರಿನ ಮೈಗೆ ತಾಗಿಸುತ್ತಾಳೆ. ಚಾರ್ಜ್ ಆಗುವಾಗಿನ ಗುಂಯ್ ಎನ್ನುವ ಸಣ್ಣ ನಡುಕ ಕೈಗೆ ಸಿಗುತ್ತದೆ. ಕರೆಂಟು ಇದೆ.

“ಅಪ್ಪಾ, ಸುಮ್ಮ ಮಲಗು.”

ಹಳೆಯ ಸೀರೆ ಕಟ್ಟಿ ಮಾಡಿದ ಮರೆಯ ಆಚೆ ಇನ್ವರ್ಟರಿನ ಕೂಗು ಗಪ್ಪನೆ ನಿಲ್ಲುತ್ತದೆ. “ಪಾಸ್!” ಎನ್ನುತ್ತದೆ ಭೀಮಶ್ಯಾನ ದನಿ.

ಭೀಮಶ್ಯಾ ಪಲ್ಲವಿಯ ಅಪ್ಪ. ಆತನ ಗಂಟಲಲ್ಲಿ ಇಡೀ ಜಿಲ್ಲೆ ಬೀಡುಬಿಟ್ಟಿದೆ. ಬಸ್‌ಸ್ಟ್ಯಾಂಡಿನ ಕಂಡಕ್ಟರ್ ಬೇಕೆ? “ಇಂಡಿ ಇಂಡಿ ಇಂಡೀ... ಯಾರವ್ವಾ ಸಿಂದಗಿ, ಇಳ್ಯವ್ವಾ ಕೆಳಗ, ಇದು ಆ ಕಡೆ ಹೊಂಟಿಲ್ಲ!” ಮುದ್ದೇಬಿಹಾಳದ ಸಂತೆಯ ಕುರಿ ಬೇಕೆ, ತಾಳಿಕೋಟೆಯ ಪಾತ್ರೆ ವ್ಯಾಪಾರಿ ಬೇಕೆ, ಹಳೆಯ ಗುತ್ತಿಗೆದಾರನ ಕಫದ ಕೆಮ್ಮು ಬೇಕೆ, ಎಲ್ಲ ತಯಾರಿದೆ. ಕುಕ್ಕರಿನ ಸೀಟಿಯನ್ನು ಎಷ್ಟು ಚೊಕ್ಕ ಊದುತ್ತಾನೆಂದರೆ, ಹೆಂಡತಿ ಶೆಟ್ಟೆವ್ವ ಎಷ್ಟೋ ಸಲ ಅರೆಬೆಂದ ಬೇಳೆ ಇಳಿಸಿ ಹಣೆ ಚಚ್ಚಿಕೊಂಡಿದ್ದಾಳೆ.

“ದೇವರು ಇವರ ಬಾಯಿ ಒಂದ ಉಳಸ್ಯಾನ ನೋಡ್ರಿ, ಅದನ್ನ ಹೊಲಿಗಿ ಹಾಕಬೇಕಿತ್ತು,” ಎನ್ನುತ್ತಾಳೆ ಆಕೆ.

ಬಾಯಿ ಒಂದೇ ಉಳಿದದ್ದು ನಿಜ. ಭೀಮಶ್ಯಾನ ಎರಡೂ ಕೈಗಳು ಮೊಣಕೈಯಿಂದ ಕೆಳಗೆ ಇಲ್ಲ.

ಈ ಮನೆಯಲ್ಲಿ ಯಾರೂ ಯಾವುದನ್ನೂ ಅಂಗೈಯಿಂದ ಮೊದಲು ಮುಟ್ಟುವುದಿಲ್ಲ. ಚಹಾದ ಲೋಟ, ಬಾಗಿಲ ಚಿಲಕ, ಜ್ವರ ಬಂದವರ ಹಣೆ, ಯಾವುದಾದರೂ ಸರಿ, ಮೊದಲು ಕೈಯ ಹಿಂಬದಿ. ಮನೆ ವಾಯರಿಂಗ್ ಮಾಡುವ ಹಳೆಯ ಕೈಗಳ ರೂಢಿ ಇದು. ಅಂಗೈ ತಾಗಿಸಿದಾಗ ಕರೆಂಟು ಹೊಡೆದರೆ ಬೆರಳು ಮಡಚಿ ತಂತಿಯನ್ನೇ ಬಿಗಿಯಾಗಿ ಹಿಡಿದುಬಿಡುತ್ತವೆ. ಹಿಂಬದಿ ತಾಗಿದರೆ ಕೈ ತಾನೇ ಕಿತ್ತುಕೊಂಡು ಬರುತ್ತದೆ. ಭೀಮಶ್ಯಾ ಮಗಳಿಗೆ ಅಕ್ಷರಕ್ಕಿಂತ ಮುಂಚೆ ಕಲಿಸಿದ ಪಾಠ ಇದು. ಕಲಿಸಿದ ಕೈಗಳೇ ಈಗ ಇಲ್ಲ. ಆತ ಕೆನ್ನೆ ತಾಗಿಸಿ ನೋಡುತ್ತಾನೆ. ಶೆಟ್ಟೆವ್ವ ಲೋಟ ಎತ್ತಿ ಹಿಡಿದರೆ ಮೊದಲು ಕೆನ್ನೆ, ಆಮೇಲೆ ತುಟಿ.

ಪಲ್ಲವಿಯ ಕೆಲಸ ಏನೆಂದು ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಕೆಲವರು ಆನ್‌ಲೈನ್ ಆಟ ಎನ್ನುತ್ತಾರೆ. ಹೆಣ್ಣು ನೋಡಲು ಬಂದ ಗಂಡಿನ ತಾಯಿಯೊಬ್ಬಳು ಕೇಳಿದಾಗ ಪಲ್ಲವಿ ಇದ್ದದ್ದನ್ನೇ ಹೇಳಿದಳು: “ದಿನಾ ಕುಂತು ತಪ್ಪು ಹುಡುಕ್ತೇನ್ರಿ.” ಆ ಹೆಂಗಸು ಅರ್ಧ ಉಪ್ಪಿಟ್ಟು ಬಿಟ್ಟು ಎದ್ದಳು. “ಅಂಥಾ ಸೊಸಿ ನಮ್ಮನ್ಯಾಗ ಒಬ್ಬಾಕಿ ಅದಾಳ” ಎಂದಳಂತೆ ಬಸ್ಸಿನಲ್ಲಿ.

ಅಸಲಿಗೆ ಆ ಕೆಲಸವನ್ನು ಒಂದು ಪಾಟಿಯ ಮೇಲೆ ತಿಳಿಸಬಹುದು, ಶಾಲೆಯ ಮಕ್ಕಳು ಬರೆಯುವ ಕಪ್ಪು ಪಾಟಿ. ಯಾವ ಪ್ರೋಗ್ರಾಮೂ ತಾನೇ ಹೋಗಿ ಯಂತ್ರವನ್ನು ಮುಟ್ಟುವಂತಿಲ್ಲ. ಫೈಲು ತೆರೆಯಬೇಕೆಂದರೂ, ತಂತಿಯ ಆಚೆಗಿನ ಉಪಕರಣದ ಸುದ್ದಿ ಬೇಕೆಂದರೂ ಆಪರೇಟಿಂಗ್ ಸಿಸ್ಟಂ ಎಂಬ ದೊಡ್ಡ ಸಾಹೇಬನನ್ನು ಕರೆದು ಕೇಳಬೇಕು. ಅದಕ್ಕೆ ಸಿಸ್ಟಂ ಕಾಲ್ ಎಂದು ಹೆಸರು. ಪ್ರೋಗ್ರಾಮು ಪಾಟಿ ಚಾಚುತ್ತದೆ, ಸಾಹೇಬ ಉತ್ತರ ಬರೆದು ಕೊಡುತ್ತಾನೆ. ಆ ಪಾಟಿಯೇ ಮೆಮರಿ. ಕಷ್ಟವೇನೆಂದರೆ ಪಾಟಿಯನ್ನು ಯಾರೂ ಒರೆಸಿ ಕೊಡುವುದಿಲ್ಲ. ಹಿಂದಿನವರು ಗೀಚಿದ್ದು ಅಲ್ಲೇ ಇರುತ್ತದೆ. ಸಾಹೇಬ ಬರೆಯದ ಮೂಲೆಯನ್ನು ಪ್ರೋಗ್ರಾಮು ಓದಿತೋ, ನಿನ್ನೆಯ ಹಳಸಲನ್ನು ಇವತ್ತಿನ ಸುದ್ದಿ ಎಂದು ನಂಬಿಬಿಡುತ್ತದೆ. ಹಾಗೆ ಓದುವವರನ್ನು ಹಿಡಿಯಲಿಕ್ಕೆ ಒಂದು ಸಾಧನ ಇದೆ. ಅದು ಪ್ರೋಗ್ರಾಮಿನ ಹೆಗಲ ಮೇಲೆ ಕೂತು, ಪಾಟಿಯ ಯಾವ ಮೂಲೆಯಲ್ಲಿ ಇವತ್ತು ಬರೆದಿದ್ದಾರೆ, ಯಾವುದರಲ್ಲಿ ಇಲ್ಲ ಎಂದು ಕಣ್ಣಿಟ್ಟಿರುತ್ತದೆ. ಬರೆಯದ್ದನ್ನು ನಂಬಿ ಹೆಜ್ಜೆ ಇಟ್ಟೊಡನೆ ಒದರುತ್ತದೆ. ಪಲ್ಲವಿ ಅದನ್ನು ‘ವಾಚ್‌ಮನ್’ ಎನ್ನುತ್ತಾಳೆ.

ವಾಚ್‌ಮನ್ನನಿಗೂ ಕಾಣದ ಒಂದು ಜಾಗವಿದೆ. ಸಾಹೇಬನ ಕೋಣೆಯೊಳಗೆ ಅವನಿಗೆ ಪ್ರವೇಶ ಇಲ್ಲ. ಆದ್ದರಿಂದ ಇಂಥ ಕಾಲ್‌ನಲ್ಲಿ ಸಾಹೇಬ ಇಷ್ಟು ಓದುತ್ತಾನೆ, ಇಷ್ಟು ಬರೆಯುತ್ತಾನೆ ಎಂದು ಒಂದೊಂದು ಕಾಲ್‌ಗೂ ಮೊದಲೇ ಕಲಿಸಿರಬೇಕು. ಅಂಥವು ಮುನ್ನೂರಕ್ಕೂ ಮೇಲೆ ಇವೆ. ಕಲಿಸಿದ್ದು ಸರಿಯಿದೆಯೇ ಎಂದು ಒಂದೊಂದನ್ನೂ ನೋಡುವವಳು ಪಲ್ಲವಿ. ನೋಡುವುದಕ್ಕೆ ಅವಳ ಬಳಿ ಇರುವ ಉಪಾಯ ಒಂದೇ, ಸುಳ್ಳು.

“ಬರೀದ ಪಾಟಿ ಕೊಟ್ಟು ಬರದೇನಿ ಅಂತೇನ್ರಿ. ಇಲ್ಲದ ಮನಿ ವಿಳಾಸ ಕೊಡ್ತೇನಿ. ಗೇಣುದ್ದ ಪಾಟಿ ತೋರಿಸಿ ಮಾರುದ್ದ ಐತಿ ಅಂತೇನಿ. ಅಂವಾ ಒದರಬೇಕು. ಸುಮ್ಮ ಕುಂತಾ ಅಂದ್ರ ಕಲಿಸಿದ್ರಾಗ ತಪ್ಪೈತಿ,” ಎಂದು ಆಕೆ ಬೆರಳು ಮಡಚುತ್ತಾಳೆ. “ಹಂಗಂತ ಸುಮ್ಮಸುಮ್ಮನ ಒದರಿದ್ರೂ ನಡ್ಯೂದಿಲ್ಲ. ದಿನಾ ಸುಳ್ಳ ಬೊಗಳೂ ನಾಯಿಗಿ ಯಾರ ಎದ್ದ ನೋಡ್ತಾರ್ರಿ?”

ಒಂದು ಕಾಲ್ ಇದೆ, ಅದು ಯಂತ್ರವನ್ನೇ ಮಲಗಿಸುತ್ತದೆ. ಅದಕ್ಕೂ ತಪ್ಪು ಮಾತು ಹೇಳಿ, ಸಾಹೇಬ ಒಲ್ಲೆ ಎನ್ನುವಂತೆ ನೋಡಿಕೊಳ್ಳಬೇಕು. ಒಮ್ಮೆ ಕೈತಪ್ಪಿ ಸರಿಯಾದ ಮಾತೇ ಹೋಯಿತು. ಕಂಪ್ಯೂಟರು ಕಣ್ಣು ಮುಚ್ಚಿತು. “ಕರೆಂಟ್ ಹೋತೇನ?” ಎಂದಳು ಶೆಟ್ಟೆವ್ವ. “ಕರೆಂಟ್ ಎಲ್ಲಿ ಹೋಗ್ತೈತಿ, ನಿನ್ನ ಮಗಳು ಒಮ್ಮೆರ ಖರೇ ಮಾತಾಡಿದ್ಲು, ಯಂತ್ರಕ್ಕ ತಡಕೊಳ್ಳಾಕ ಆಗಲಿಲ್ಲ” ಎಂದ ಭೀಮಶ್ಯಾ. ಬಂದವರಿಗೆ ಮಗಳ ಕೆಲಸವನ್ನು ಆತ ಹೇಳುವ ಬಗೆಯೇ ಬೇರೆ: “ಆಕಿಗಿ ಕಾಲಿನ ಕೆಲಸ, ನನಗ ಕೈ ಇಲ್ಲ. ಬರೋಬ್ಬರಿ ಜೋಡಿ ಐತಿ ನೋಡ್ರಿ.” ಬಂದವರು ನಗಬೇಕೋ ಬೇಡವೋ ತಿಳಿಯದೆ ಚಹಾ ಹುಡುಕುತ್ತಾರೆ.

ಆ ಕೈಗಳ ಕತೆ ಇಷ್ಟು.

ಭೀಮಶ್ಯಾ ಒಬ್ಬ ಖಾಸಗಿ ಗುತ್ತಿಗೆದಾರನ ಗ್ಯಾಂಗಿನಲ್ಲಿದ್ದ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಎಲ್ಲಿ ಕಂಬ ನಿಲ್ಲಿಸಬೇಕೋ, ತಂತಿ ಎಳೆಯಬೇಕೋ ಅಲ್ಲಿಗೆ ಟ್ರ್ಯಾಕ್ಟರಿನಲ್ಲಿ ಹೋಗುವ ಗ್ಯಾಂಗು. ದಿನವಿಡೀ ಸಾವಿನ ಮಗ್ಗುಲಲ್ಲೇ ಕೆಲಸ, ಅದಕ್ಕೇ ದಿನವಿಡೀ ಚೇಷ್ಟೆ. ಒಬ್ಬರ ಬುತ್ತಿಯಲ್ಲಿ ಇನ್ನೊಬ್ಬರು ಕಲ್ಲು ಕಟ್ಟುವರು, ಚಪ್ಪಲಿ ಕಂಬಕ್ಕೆ ಏರಿಸುವರು. ಭೀಮಶ್ಯಾ ಗುತ್ತಿಗೆದಾರನ ದನಿಯಲ್ಲಿ ರಜೆ ಘೋಷಿಸಿದ್ದೂ ಉಂಟು. ಎಲ್ಲ ಚೇಷ್ಟೆಗೂ ಜೊತೆಗಾರ ಸಿಂದಗಿಯ ಕಾಳಪ್ಪ. ಒಬ್ಬ ಮೇಲಿದ್ದರೆ ಇನ್ನೊಬ್ಬ ಕೆಳಗೆ.

ಅವತ್ತು ಕಾಳಪ್ಪನಿಗೆ ಜ್ವರ. ಅದಕ್ಕೇ ಸಿಂದಗಿ ರಸ್ತೆಯ ಶೆಡ್ಡಿನಲ್ಲಿ ಫೋನು ಕಾಯಲು ಕೂರಿಸಿದ್ದರು. ಕಂಬ ಏರುವ ಮೊದಲು ಏರುವವನು ಶೆಡ್ಡಿಗೆ ಫೋನು ಮಾಡಿ ‘ಲೈನ್?’ ಎಂದು ಕೇಳಬೇಕು. ಶೆಡ್ಡಿನಲ್ಲಿದ್ದವನು ವಿಚಾರಿಸಿ ‘ಬಂದ್’ ಅಥವಾ ‘ಚಾಲೂ’ ಎನ್ನಬೇಕು. ಆಮೇಲೂ ನಂಬುವಂತಿಲ್ಲ, ತಂತಿಗಳ ಮೇಲೆ ಕಬ್ಬಿಣದ ಸರಪಳಿ ಒಗೆದು, ಕಿಡಿ ಹಾರದಿದ್ದರೆ ಮಾತ್ರ ಏರಬೇಕು. ಎರಡು ಗ್ಯಾಂಗಿಗೆ ಸರಪಳಿ ಒಂದೇ ಇತ್ತು. ಅವತ್ತು ಅದು ಮುದ್ದೇಬಿಹಾಳದ ಕಡೆ ಹೋಗಿತ್ತು.

ಭೀಮಶ್ಯಾ ಫೋನು ಮಾಡಿ ಕೇಳಿದ. ಕಾಳಪ್ಪ ತಲೆ ಎತ್ತಿ ಶೆಡ್ಡಿನ ಕಪ್ಪು ಹಲಗೆ ನೋಡಿದ. ಆ ಲೈನಿನ ಮುಂದೆ ಸೀಮೆಸುಣ್ಣದಲ್ಲಿ ‘ಬಂದ್’ ಎಂದಿತ್ತು. ಹಿಂದಿನ ದಿನ ಸಂಜೆ ಬರೆದದ್ದು. ಬೆಳಗ್ಗೆ ಕರೆಂಟು ಬಿಟ್ಟ ಮೇಲೆ ಯಾರೂ ಒರೆಸಿರಲಿಲ್ಲ.

“ಬಂದ್ ಐತಿ, ಏರೋ,” ಎಂದ ಕಾಳಪ್ಪ.

ಆಸ್ಪತ್ರೆಗೆ ಕಾಳಪ್ಪ ಒಮ್ಮೆ ಬಂದ. ವಾರ್ಡಿನ ಬಾಗಿಲ ಚೌಕಟ್ಟು ಹಿಡಿದು ನಿಂತ. ಮಂಚದ ಮೇಲೆ ಬಟ್ಟೆ ಸುತ್ತಿದ ಎರಡು ಮೋಟು ನೋಡಿದ. ಒಳಗೆ ಬರಲಿಲ್ಲ. ಆಮೇಲೆ ಮನಗೂಳಿಯ ದಾರಿಯನ್ನೇ ತುಳಿಯಲಿಲ್ಲ. ಗುತ್ತಿಗೆದಾರ ಶೆಡ್ಡು ಮುಚ್ಚಿ ಬೇರೆ ದಂಧೆ ಹಿಡಿದ.

ಪಲ್ಲವಿ ಆಗ ಡಿಪ್ಲೊಮಾ ಓದುತ್ತಿದ್ದಳು. ಪುಸ್ತಕ ಬಿಟ್ಟು ಬಂದು ಅಪ್ಪನ ಹಲ್ಲು ಉಜ್ಜಿಸಿದಳು, ಗಡ್ಡ ಹೆರೆದಳು. ಹೊಲದ ಕೂಲಿಗೆ ಹೋಗುವ ಅವ್ವ ಬರುವವರೆಗೆ ಅಪ್ಪನನ್ನು ಬಚ್ಚಲಿಗೆ ಒಯ್ಯುವುದೂ ಆಕೆಯ ಪಾಲಿಗೇ. ಆ ದಿನಗಳ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಒಮ್ಮೆ ಭೀಮಶ್ಯಾ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದವನು, ಏಳಲಿಲ್ಲ, ಮಾತಾಡಲಿಲ್ಲ. ಆ ಮೌನಕ್ಕೆ ಶೆಟ್ಟೆವ್ವ ಇವತ್ತಿಗೂ ಹೆದರುತ್ತಾಳೆ. ಒಂದು ಮುಂಜಾನೆ ಆ ಗೋಡೆಯ ಕಡೆಯಿಂದ ಕುಕ್ಕರಿನ ಸೀಟಿ ಕೇಳಿತು. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ. ತಾಯಿ ಮಗಳು ಒಲೆಯ ಮುಂದೆ ಕೂತು ಅತ್ತರು.

ಮುಂದೆ ಪಲ್ಲವಿ ಓದು ಮುಗಿಸಿದಳು. ಬಾಗೇವಾಡಿಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಅರ್ಜಿ ಟೈಪು ಮಾಡುತ್ತ, ಬಿಡುವಿನಲ್ಲಿ ಪ್ರೋಗ್ರಾಮಿಂಗ್ ಓದುತ್ತ ಕೂತಿದ್ದಾಗ ಈ ವಾಚ್‌ಮನ್ನನ ಪರಿಚಯವಾಯಿತು. ಬರೆಯದ ಮೆಮರಿಯನ್ನು ಓದಿದರೆ ಏನಾಗುತ್ತದೆ ಎಂಬ ಪುಟ ಅದು.

“ಓದಿದ್ದ ತಡ, ಇದು ನಮ್ಮಪ್ಪನ ಶೆಡ್ಡಿನ ಹಲಗಿನ ಐತಿ ಅನಿಸ್ತು. ಒರಸದ ಹಲಗಿ ಓದಿ ‘ಏರೋ’ ಅಂದದ್ದು. ಹಂಗ ಅನ್ನೂಕಿಂತ ಮೊದಲ ಒದರಾಕ ಒಬ್ಬಾಂವ ಅದಾನ ಅಂದ್ರ, ಅಂವನ ಸೇವಾ ಮಾಡಬೇಕು ಅಂದ್ಕೊಂಡೆ.”

ಆ ಸಾಧನವನ್ನು ನೋಡಿಕೊಳ್ಳುವವರು ದೇಶದೇಶಗಳಲ್ಲಿ ಹರಡಿದ್ದಾರೆ. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಪಲ್ಲವಿ ಒಂದು ಪರೀಕ್ಷೆ ಬರೆದು ಕಳಿಸಿದಳು, ಸೇರಿಸಿಕೊಂಡರು. ಇನ್ನೊಂದು, ಮತ್ತೊಂದು. ಹುಬ್ಬಳ್ಳಿಯಲ್ಲಿ ಸಣ್ಣದೊಂದು ಟೆಸ್ಟಿಂಗ್ ಆಫೀಸು ನಡೆಸುವ ತಾಳಿಕೋಟೆಯ ಜೈನುದ್ದೀನ ಅವನ್ನು ನೋಡಿ, “ಮನಗೂಳಿ? ನಮ್ಮ ಮನಗೂಳಿನ ಏನವಾ?” ಎಂದು ಫೋನು ಮಾಡಿದ. ಅವತ್ತಿನಿಂದ ಆಕೆ ಅವನ ಆಫೀಸಿನ ಕೆಲಸಗಾರ್ತಿ, ಜೋಳದ ಚೀಲದ ಪಕ್ಕದ ಈ ಮೇಜೇ ಶಾಖೆ.

ಕೆಲಸ ಸುಖದ್ದಲ್ಲ. ಇಡೀ ದಿನ ಒಂದೇ ಕಾಲ್‌ಗೆ ಒಂದೊಂದು ಬಗೆಯ ಸುಳ್ಳು ಹೇಳಿ, ಎಲ್ಲ ಸರಿಯಿದೆ ಎಂದು ತಿಳಿದರೆ ಅದೇ ದೊಡ್ಡ ಫಲ. ಕಣ್ಣುರಿ, ಬೆನ್ನು ನೋವು. ಸಾಧನ ಬಳಸುವವರಿಗೆ ಪರೀಕ್ಷೆ ಬರೆದವರು ಯಾರೆಂದು ಬೇಕಿಲ್ಲ. ಕಾವಲು ಚೊಕ್ಕ ಇದ್ದ ಕಡೆ ಏನೂ ಆಗುವುದಿಲ್ಲ. ಏನೂ ಆಗದ್ದಕ್ಕೆ ಯಾರು ಹಾರ ಹಾಕುತ್ತಾರೆ?

ಭೀಮಶ್ಯಾನ ನೋವು ಬೇರೆಯೇ. ಆತ ಅದನ್ನು ನಗುತ್ತಲೇ ಹೇಳುತ್ತಾನೆ: “ಕೈ ಹೋದ ದಿನದಿಂದ ನನಗ ಯಾರೂ ಸುಳ್ಳ ಹೇಳವಲ್ಲರ್ರಿ. ನಾ ಎಲ್ಲಾರಿಗೂ ಹೇಳ್ತೇನಿ. ನನಗೊಬ್ಬರೂ ಹೇಳೂದಿಲ್ಲ. ಮೊದಲ ಗ್ಯಾಂಗಿನ್ಯಾಗ ನನ್ನ ಚಪ್ಪಲಿ ಒಂದ ದಿನ ಕಾಲಾಗ ನಿಲ್ಲತಿರಲಿಲ್ಲ. ಈಗ ಎಲ್ಲಾರೂ ಬಂದು, ಪಾಪ, ಆರಾಮ ಅದೀರ್ಯಾ ಅಂತಾರ. ಸತ್ತಾಂವನ ಮುಂದ ಮಾತಾಡಿದಂಗ.” ಇಷ್ಟು ಹೇಳಿ ಕುರಿಯಂತೆ ಅರಚುತ್ತಾನೆ. ಶೆಟ್ಟೆವ್ವ ಮುಖ ತಿರುಗಿಸುತ್ತಾಳೆ. ಪಲ್ಲವಿಯ ಎದೆಯಲ್ಲಿ ಆ ಮಾತು ಮುಳ್ಳಿನಂತೆ ಕೂತಿದೆ. ಯಂತ್ರಕ್ಕೆ ಇಷ್ಟು ಸುಳ್ಳು ಹೇಳುವ ಬಾಯಿಗೆ ಅಪ್ಪನ ಮುಂದೆ ಒಂದೂ ಬರುವುದಿಲ್ಲ. ಕೈಯಿಲ್ಲದವನು ಮೇಲೆದ್ದು ಹೊಡೆಯಲಾರ, ಕಸಿಯಲಾರ. ಅಂಥವನಿಗೆ ಹೇಗೆ ಚೇಷ್ಟೆ ಮಾಡುವುದು?

ಈ ವರ್ಷ ಮಳೆ ಹಿಡಿಯುವ ಮೊದಲು ಜೈನುದ್ದೀನನ ಆಫೀಸಿಗೆ ಒಂದು ಪೆಟ್ಟಿಗೆ ಬಂತು. ಸಣ್ಣ ಕಂಪನಿಯೊಂದು ಮಾಡಿದ್ದು, ಕರೆಂಟಿನ ಕಂಬಕ್ಕೆ ಕಟ್ಟುವಂಥದ್ದು. ಲೈನು ಚಾಲೂ ಇದ್ದರೆ ಕೆಲಸದವನ ಮೊಬೈಲಿನಲ್ಲಿ ಕೆಂಪು, ಬಂದ್ ಇದ್ದರೆ ಹಸಿರು. ಶೆಡ್ಡು ಬೇಡ, ಹಲಗೆ ಬೇಡ, ‘ಲೈನ್?’ ಎಂದು ಕೇಳುವುದೂ ಬೇಡ. ಲಚ್ಯಾಣದ ಕಡೆಯ ಒಂದು ಲೈನಿಗೆ ಪ್ರಯೋಗಕ್ಕೆಂದು ಕೆಲವನ್ನು ಆಗಲೇ ಕಟ್ಟಿದ್ದರು. ಸೋಮವಾರದಿಂದ ಗ್ಯಾಂಗು ಅದನ್ನೇ ನೋಡಿ ಏರುವುದೆಂದು ನಿಶ್ಚಯವಾಗಿತ್ತು. ಪೆಟ್ಟಿಗೆಯ ಪ್ರೋಗ್ರಾಮನ್ನು ವಾಚ್‌ಮನ್ನನ ಕಣ್ಣ ಕೆಳಗೆ ಓಡಿಸಿ, ಚೊಕ್ಕ ಇದೆ ಎಂದು ಹೇಳುವುದು ಜೈನುದ್ದೀನನ ಪಾಲಿಗೆ ಬಂದ ಕೆಲಸ. ಓಡಿಸಿದ. ವಾಚ್‌ಮನ್ ತುಟಿ ಪಿಟಕ್ ಎನ್ನಲಿಲ್ಲ.

ಪಲ್ಲವಿಗೆ ಸಮಾಧಾನವಿಲ್ಲ. ಲೈನಿನ ಸುದ್ದಿ ತರಲು ಆ ಪ್ರೋಗ್ರಾಮು ಮಾಡುವ ಕಾಲ್ ಅಪರೂಪದ್ದು. ಅದಕ್ಕೆ ಇನ್ನೂ ಯಾರೂ ಸುಳ್ಳು ಹೇಳಿ ನೋಡಿರಲಿಲ್ಲ.

“ವಾಚ್‌ಮನ್ ಸುಮ್ಮದಾನ ಅಂದ್ರ ಕಳ್ಳ ಬಂದಿಲ್ಲ ಅಂತ ಅಲ್ಲೇನವಾ?” ಎಂದ ಜೈನುದ್ದೀನ ಫೋನಿನಲ್ಲಿ.

“ವಾಚ್‌ಮನ್ ಮಲಗ್ಯಾನಂತನೂ ಇರಬಹುದಲ್ರಿ ಸರ್.”

“ತಂಗಿ, ನೀ ಎಲ್ಲಾದ್ರಾಗೂ ಹುಳಾ ಹುಡುಕ್ತಿ.”

“ಅದಕ್ಕ ಅಲ್ರಿ ನೀವು ಪಗಾರ ಕೊಡೂದು?”

ಜೈನುದ್ದೀನ ನಕ್ಕ. ಸೋಮವಾರದವರೆಗೆ ನೋಡು, ಆಮೇಲೆ ನನ್ನ ಕೈಯಲ್ಲಿಲ್ಲ ಎಂದ.

ಆಕೆ ಒಂದು ಪಾಟಿಗೆ ಬೇಕೆಂದೇ ‘ಬಂದ್’ ತುಂಬಿ, ಅದು ಹಿಂದಿನವರು ಗೀಚಿದ್ದು, ಲೆಕ್ಕಕ್ಕಿಲ್ಲ ಎಂದು ವಾಚ್‌ಮನ್ನನಿಗೆ ಹೇಳಿದಳು. ಉಪಕರಣ ತಡವರಿಸಿ ಅರ್ಧವೇ ಉತ್ತರ ಕೊಡುವಂತೆ ಹೂಡಿದಳು. ಸಾಹೇಬ ಪಾಟಿಯ ಮೊದಲ ಅರ್ಧ ಮಾತ್ರ ಬರೆದು, ‘ಇಷ್ಟೇ ಬರೆದಿದ್ದೇನೆ’ ಎಂದು ಪ್ರಾಮಾಣಿಕವಾಗಿ ಹೇಳಿಯೇ ಪಾಟಿ ಹಿಂತಿರುಗಿಸಿದ. ಈಗ ಬರೆಯದೆ ಉಳಿದ ಅರ್ಧ ಓದಬೇಕು, ವಾಚ್‌ಮನ್ ಒದರಬೇಕು. ಓದಿದಳು. ಅವನು ಒದರಲಿಲ್ಲ. ಮತ್ತೆ ಓಡಿಸಿದಳು. ಇಲ್ಲ. ಸಾಹೇಬ ಎಷ್ಟೇ ಬರೆಯಲಿ, ಪಾಟಿ ಪೂರ್ತಿ ತುಂಬಿದೆ ಎಂದೇ ತಿಳಿಯಲು ಅವನಿಗೆ ಕಲಿಸಿಬಿಟ್ಟಿದ್ದರು. ಭಾನುವಾರವಿಡೀ ಕೂತು ಆ ಪಾಠ ತಿದ್ದಿದಳು. ಈ ಸಲ ವಾಚ್‌ಮನ್ ಒದರಿದ. ಅದೇ ತಿದ್ದಿದ ಕಣ್ಣಿನ ಕೆಳಗೆ ಪೆಟ್ಟಿಗೆಯ ಪ್ರೋಗ್ರಾಮನ್ನು ಓಡಿಸಿದಳು. ಆಗಲೂ ಒದರಿದ, ಅದೂ ಕೆಂಪೋ ಹಸಿರೋ ಎಂದು ನಿರ್ಧರಿಸುವ ಸಾಲಿನಲ್ಲೇ. ಉಪಕರಣ ತಡವರಿಸಿದ ಹೊತ್ತಿನಲ್ಲಿ ಪೆಟ್ಟಿಗೆ ಹೇಳುವುದು ಲೈನಿನ ಸುದ್ದಿಯಲ್ಲ, ಹಿಂದಿನ ಸಲದ ಸುದ್ದಿ.

ಒರೆಸದ ಹಲಗೆ ಕಂಬ ಏರಿ ಕೂತಿತ್ತು.

ಸೋಮವಾರ ನಸುಕಿನಲ್ಲಿ ಜೈನುದ್ದೀನನ ಫೋನು ಸ್ವಿಚ್ ಆಫ್. ಕಂಪನಿಯವರ ಫೋನು ಎತ್ತುವವರಿಲ್ಲ. ಪೆಟ್ಟಿಗೆಯ ತಪ್ಪನ್ನು ಅವ್ವನಿಗೆ ಹೇಳುತ್ತ ಪಲ್ಲವಿ ಮತ್ತೆ ಮತ್ತೆ ಫೋನು ಹಚ್ಚಿದಳು. ಮರೆಯ ಆಚೆಯಿಂದ ಭೀಮಶ್ಯಾ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಈ ಸಲ ಇನ್ವರ್ಟರ್ ಕೂಗಲಿಲ್ಲ.

“ಲಚ್ಯಾಣದ ಲೈನ್ ಮ್ಯಾಲೆ ಯಾರ ಗ್ಯಾಂಗ್ ಐತಿ ಗೊತ್ತೈತಿಲ್ಲ?” ಎಂದ ಮೆಲ್ಲಗೆ. “ಕಾಳ್ಯಾಂದು.”

ಹಳೆಯ ಗ್ಯಾಂಗಿನ ಸುದ್ದಿಯೆಲ್ಲ ಆತನಿಗೆ ಹೇಗೋ ಬರುತ್ತದೆ. ಕಾಳಪ್ಪನ ನಂಬರು ಬಾಯಿಪಾಠ. ಎಂದೂ ಹಚ್ಚಿರಲಿಲ್ಲ, ಹಚ್ಚಲು ಬೆರಳೂ ಇರಲಿಲ್ಲ. ಹೇಳುತ್ತ ಹೋದ, ಪಲ್ಲವಿ ಒತ್ತಿದಳು, ಅಪ್ಪನ ಕಿವಿಗೆ ಹಿಡಿದಳು. ರಿಂಗು ಹೋಯಿತು.

“ಹಲೋ, ಯಾರ್ರಿ?”

“ಲೈನ್?” ಎಂದ ಭೀಮಶ್ಯಾ.

ಆ ಕಡೆ ಗಾಳಿ ಬೀಸುತ್ತಿತ್ತು. ಯಾರೋ ದೂರದಲ್ಲಿ ‘ಏರ್ಲೇನ್ರಿ ಮಿಸ್ತ್ರಿ?’ ಎಂದು ಕೂಗಿದ್ದು ಕೇಳಿತು.

“ಭೀಮಣ್ಣಾ...” ಕಾಳಪ್ಪನ ದನಿ ಒಡೆಯಿತು. “ಹಸಿರ ತೋರಸಾಕತ್ತೈತಿ. ಮೊಬೈಲನ್ಯಾಗ.”

“ಮೊಬೈಲಿಗಿ ಕೇಳಿಲ್ಲ ನಾ. ನಿನಗ ಕೇಳೇನಿ. ಲೈನ್?”

“ಏ, ಇಳೀರೋ ಕೆಳಗ! ಯಾರೂ ಏರಬ್ಯಾಡ್ರಿ!” ಎಂದು ಕಾಳಪ್ಪ ಗಂಟಲು ಹರಿಯುವಂತೆ ಕೂಗಿದ. “ತಡಿ ಅಣ್ಣಾ. ಫೋನ್ ಇಡಬ್ಯಾಡ. ಸರಪಳಿ ಒಗದು ಹೇಳ್ತೇನಿ.”

ಕಾದರು. ಶೆಟ್ಟೆವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ದೂರದಲ್ಲಿ ಕಬ್ಬಿಣ ತಂತಿಗೆ ಬಡಿದ ಸದ್ದು.

“ಬಂದ್ ಐತಿ,” ಎಂದ ಕಾಳಪ್ಪ. “ನಾನ ಒಗದು ನೋಡೇನಿ. ಖರೇನ ಬಂದ್ ಐತಿ ಅಣ್ಣಾ.”

ಇಷ್ಟೇ. ಅವತ್ತು ಲೈನು ನಿಜವಾಗಿಯೇ ಬಂದ್ ಇತ್ತು. ಪೆಟ್ಟಿಗೆ ಅವತ್ತು ಸುಳ್ಳು ಹೇಳಿರಲಿಲ್ಲ. ಕಿಡಿ ಹಾರಲಿಲ್ಲ, ಯಾರೂ ಸಾಯಲಿಲ್ಲ, ಯಾರನ್ನೂ ಉಳಿಸಿದ್ದೂ ಇಲ್ಲ. ಪತ್ರಿಕೆಗೆ ಕಳಿಸುವಂಥ ಸುದ್ದಿ ಆಗಲಿಲ್ಲ. ಕಾಳಪ್ಪನ ಗ್ಯಾಂಗು ಮತ್ತೆ ಸರಪಳಿ ಒಗೆದೇ ಏರತೊಡಗಿತು. ನಾಲ್ಕು ದಿನ ಬಿಟ್ಟು ಜೈನುದ್ದೀನ ಫೋನು ಮಾಡಿದ. ಆಫೀಸಿನ ಮೇಜಿನ ಮೇಲೆ, ಕರೆಂಟು ಹರಿಯುವ ತಂತಿಗೇ ಪೆಟ್ಟಿಗೆ ಕಟ್ಟಿ, ಪಲ್ಲವಿ ಹೇಳಿದಂತೆ ಉಪಕರಣವನ್ನು ತಡವರಿಸುವಂತೆ ಮಾಡಿ ನೋಡಿದ್ದ.

“ಹಸಿರ ತೋರಸ್ತೈತವಾ ತಂಗಿ,” ಎಂದ. ಆತನ ದನಿಯಲ್ಲಿ ನಗು ಇರಲಿಲ್ಲ. “ಚಾಲೂ ಲೈನಿಗಿ ಹಸಿರ. ಲಚ್ಯಾಣದಾವು ಇಳಸಾಕ ಹೇಳೇನಿ.”

ಪೆಟ್ಟಿಗೆಗಳು ಕಂಬ ಇಳಿದವು. ಪಲ್ಲವಿ ಬರೆದ ಪರೀಕ್ಷೆ ವಾಚ್‌ಮನ್ನನ ನೂರಾರು ಪರೀಕ್ಷೆಗಳ ಸಾಲಿಗೆ ಸೇರಿತು. ಅದರ ಮೇಲೆ ಆಕೆಯ ಹೆಸರಿಲ್ಲ. ಬೇಕಿತ್ತೇ ಎಂದರೆ ತಲೆ ಅಲ್ಲಾಡಿಸುತ್ತಾಳೆ. “ಅಂವಾ ವ್ಯಾಳ್ಯಾಕ್ಕ ಒದರಿದ್ರ ಸಾಕ್ರಿ. ನನ್ನ ಹೆಸರ ಒದರೂದ ಬ್ಯಾಡ.”

ಕಾಳಪ್ಪ ಬಂದದ್ದು ಮುಂದಿನ ಭಾನುವಾರ, ಕೈಯಲ್ಲಿ ಎಣ್ಣೆ ಜಿನುಗುವ ಭಜಿ ಪೊಟ್ಟಣ. ಆಸ್ಪತ್ರೆಯಲ್ಲಿ ನಿಂತಂತೆಯೇ ಬಾಗಿಲ ಚೌಕಟ್ಟು ಹಿಡಿದು ನಿಂತ. ತಲೆ ನರೆತಿತ್ತು. ಒಳಗೂ ಬರಲಾರ, ಹಿಂದಕ್ಕೂ ಹೋಗಲಾರ. ಒಳಗಿನಿಂದ ಹಳೆಯ ಗುತ್ತಿಗೆದಾರನ ಕಫದ ಕೆಮ್ಮು ಕೇಳಿತು.

“ಏ ಕಾಳ್ಯಾ! ಬಾಗಲಾ ಬೀಳತೈತಂತ ಹಿಡ್ಕೊಂಡ ನಿಂತೀಯೇನಲೇ? ಹಾಜರಿ ಯಾರ ನಿಮ್ಮಪ್ಪ ಹಾಕ್ತಾನ?”

“ಬಂದ್ನಿರಿ ಸಾಹೇಬ್ರ!” ಎಂದು ಕಾಳಪ್ಪ ಹಳೆಯ ರೂಢಿಯಂತೆ ಒಳಗೆ ನೆಗೆದ. ನೆಗೆದ ಮೇಲೆ ತಾನೆಲ್ಲಿದ್ದೇನೆಂದು ತಿಳಿದು, ಭೀಮಶ್ಯಾನ ಕಾಲ ಬಳಿ ಕುಸಿದು ಕೂತ. “ಅಣ್ಣಾ, ನಾ ಅವತ್ತು ಎದ್ದು ವಿಚಾರಿಸಬೇಕಿತ್ತು...”

“ಅದನ್ನ ಬಿಡಲೇ. ಭಜಿ ಆರತಾವ. ಬಾಯಾಗ ಇಡು.”

ಕಾಳಪ್ಪ ತಿನ್ನಿಸಿದ. ಇಬ್ಬರೂ ಹಳೆಯ ಗ್ಯಾಂಗಿನ ಮಾತಿಗೆ ಇಳಿದರು. ಯಾರು ಸತ್ತರು, ಯಾರು ಊರು ಬಿಟ್ಟರು, ಯಾರ ಚಪ್ಪಲಿ ಯಾವ ಕಂಬದ ಮೇಲಿತ್ತು. ಶೆಟ್ಟೆವ್ವ ಚಹಾ ಸೋಸಿ ಲೋಟಕ್ಕೆ ಸುರಿಯಲು ಹೋದಾಗ ಪಲ್ಲವಿ ಅವಳ ಕೈ ತಡೆದಳು. “ಯವ್ವಾ, ಅಪ್ಪಗ ನಾ ಕುಡಸ್ತೇನಿ.” ಖಾಲಿ ಸ್ಟೀಲ್ ಲೋಟವನ್ನು ಬಟ್ಟೆಯಲ್ಲಿ ಸುತ್ತಿ, ಸುಡುವುದನ್ನು ಹಿಡಿದಂತೆ ಹಿಡಿದು, ಸಾವಕಾಶ ನಡೆದು ಬಂದಳು. ಮುನ್ನೂರು ಕಾಲ್‌ಗಳಿಗೆ ಸುಳ್ಳು ಹೇಳಿದವಳಿಗೆ ಇಷ್ಟು ಹೆದರಿಕೆ ಎಂದೂ ಆಗಿರಲಿಲ್ಲ.

“ಭಾಳ ಸುಡ್ತೈತಿ ಅಪ್ಪಾ. ಊದಿ ಕುಡಿ.”

ಭೀಮಶ್ಯಾ ಕಾಳಪ್ಪನ ಕಡೆ ಮುಖ ಮಾಡಿ ಯಾವುದೋ ಕಂಬದ ಕತೆ ಹೇಳುತ್ತಿದ್ದ. ಕೆನ್ನೆ ತಾಗಿಸಲಿಲ್ಲ. ಲೋಟದ ಅಂಚಿಗೆ ಬಾಯಿ ತಂದು ‘ಉಫ್’ ಎಂದು ಊದಿದ. ಇನ್ನೊಮ್ಮೆ ಊದಿದ. ಹುಷಾರಾಗಿ ತುಟಿ ಚಾಚಿ, ‘ಸುರ್‌ರ್’ ಎಂದು ಎಳೆದ.

ಬರೀ ಗಾಳಿ.

ಶೆಟ್ಟೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಳಪ್ಪ ಗೋಡೆಯ ಕಡೆ ತಿರುಗಿದ. ಪಲ್ಲವಿಯ ಕೈಯಲ್ಲಿ ಲೋಟ ಹಾಗೇ ನಿಂತಿತು. ಭೀಮಶ್ಯಾ ಲೋಟದೊಳಗೆ ಇಣುಕಿದ. ಮಗಳ ಮುಖ ನೋಡಿದ. ಮತ್ತೆ ಲೋಟದೊಳಗೆ ಇಣುಕಿದ. ಮನೆಯೊಳಗೆ ಆ ಹಳೆಯ ಮೌನ ಬಂದು ಕೂರುವಂತಾಯಿತು.

“ಫೇಲ್!” ಎಂದ ಭೀಮಶ್ಯಾ.

ಆಮೇಲೆ ಹೊಟ್ಟೆಯ ಆಳದಿಂದ ನಗು ಎದ್ದಿತು. ಯಾರ ಅನುಕರಣೆಯೂ ಅಲ್ಲ. ಕಂಡಕ್ಟರನದ್ದೂ ಅಲ್ಲ, ಕುರಿಯದ್ದೂ ಅಲ್ಲ. ಶೆಟ್ಟೆವ್ವನಿಗೆ ಆ ನಗುವಿನ ಗುರುತು ಸಿಗಲು ಒಂದು ಗಳಿಗೆ ಬೇಕಾಯಿತು. “ಫೇಲ್ ಆದ್ನೆವ್ವಾ! ಖಾಲಿ ಲೋಟಕ್ಕ ಊದಿದ್ನಲೇ ಕಾಳ್ಯಾ! ನಾ! ಮುಟ್ಟಿ ನೋಡಲಿಲ್ಲಲೇ!” ಮೋಟುಗಳನ್ನು ಎದೆಗೆ ಬಡಿದುಕೊಳ್ಳುತ್ತ, ಚೀಲಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಕಾಳಪ್ಪ ನಕ್ಕ, ಶೆಟ್ಟೆವ್ವ ನಕ್ಕಳು, ಪಲ್ಲವಿ ಅಳುತ್ತ ನಕ್ಕಳು. ಓಣಿಯವರು ಏನಾಯಿತೆಂದು ಬಾಗಿಲಿಗೆ ಬಂದಾಗ ಅವರಿಗೆ ಕೇಳಿದ್ದು ಭೀಮಶ್ಯಾನ ನಗು ಒಂದೇ. ಉಳಿದವರ ನಗುವೆಲ್ಲ ಅದರ ಕೆಳಗೆ ಮುಚ್ಚಿಹೋಗಿತ್ತು.